ಬಿಯರ್ ಹಳ್ಳಿಯ ಕಲ್ಲುಗಣಿ ಮತ್ತು ಕಡಲತೀರ: ಒಂದು ದಿನದ ಪ್ರವಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ನೈಋತ್ಯಕ್ಕಿರುವ ಡೆವನ್ ಸೀಮೆಯ ಎಕ್ಸೆಟರ್ ನಗರದಲ್ಲಿ ನಮ್ಮ ಮನೆ. ಊರಿನಿಂದ ಬರುವ ಹಿರಿಯರನ್ನು, ಲಂಡನ್ನಿನಲ್ಲಿ ಓದುವ ಕನ್ನಡದ ಮಕ್ಕಳನ್ನು, ವಾರಾಂತ್ಯಕ್ಕೆ ಇಳಿಯುವ ಗೆಳೆಯರ ಸಂಸಾರಗಳನ್ನು ನಾನು ತಪ್ಪದೆ ಕರೆದುಕೊಂಡು ಹೋಗುವುದು ಬಿಯರ್ ಎಂಬ ಪುಟ್ಟ ಮೀನುಗಾರರ ಹಳ್ಳಿಗೆ. ಹೊರಡುವ ಮುಂಚೆ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಫೋನಿನಲ್ಲಿ ತುಂಡು ತುಂಡಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಊರಿನ ಹೆಸರೇ ಬಿಯರ್ ಎಂದೇ? ಮದ್ಯಕ್ಕೂ ಅದಕ್ಕೂ ಏನು ಸಂಬಂಧ?

ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಮರಗಳ ತೋಪಿಗೆ ಇದ್ದ 'ಬೆಅರು' ಎಂಬ ಮಾತಿನಿಂದ ಈ ಹೆಸರು ಬಂದಿದೆ. ನಮ್ಮಲ್ಲಿ ಮಾವಿನತೋಪು, ಹೊಂಗೆತೋಪು ಎಂದು ಊರುಗಳಿಗೆ ಹೆಸರು ಬರುವುದಿಲ್ಲವೇ, ಹಾಗೆ.

ಇಂಗ್ಲೆಂಡಿನಲ್ಲಿ ಇಷ್ಟೊಂದು ಕಡಲತೀರಗಳಿವೆ. ಇದನ್ನೇ ಏಕೆ ಆರಿಸಿಕೊಳ್ಳಬೇಕು?

ಒಂದೇ ಕಲ್ಲನ್ನು ಒಳಗಿನಿಂದಲೂ ಹೊರಗಿನಿಂದಲೂ ಒಂದೇ ದಿನದಲ್ಲಿ ನೋಡಬಹುದು ಎಂಬ ಕಾರಣಕ್ಕೆ. ಬೆಳಿಗ್ಗೆ ನೆಲದೊಳಗಿನ ಗಣಿಯಲ್ಲಿ ಕಲ್ಲಿನ ಹೊಟ್ಟೆಯೊಳಗೆ ನಿಂತಿರುತ್ತೀರಿ. ಮಧ್ಯಾಹ್ನ ಸಮುದ್ರದ ಅಂಚಿಗೆ ಬಂದು ತಲೆ ಎತ್ತಿದರೆ ಅದೇ ಕಲ್ಲಿನ ಬಳಗ ಬಿಳಿ ಗೋಡೆಯಾಗಿ ಎದ್ದು ನಿಂತಿರುತ್ತದೆ. ಹಳ್ಳಿಯ ಮನೆಗಳ ಮೂಲೆಗಳಲ್ಲಿ, ಎಕ್ಸೆಟರಿನ ದೊಡ್ಡ ಚರ್ಚಿನ ಶಿಲ್ಪಗಳಲ್ಲಿ ಮತ್ತೆ ಅದೇ ಕಲ್ಲು ಸಿಗುತ್ತದೆ. ಬರಿಯ ಸಮುದ್ರ ನೋಡಲು ಬೇರೆ ನೂರು ಊರುಗಳಿವೆ. ಕಲ್ಲಿನ ಕತೆ ಹೀಗೆ ಬೆನ್ನತ್ತಿ ಬರುವ ಊರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಇದು ಜುರಾಸಿಕ್ ಕರಾವಳಿಯ ಭಾಗ. ಡೆವನ್ನಿನ ಎಕ್ಸ್‌ಮೌತ್ ಬಳಿಯಿಂದ ಡಾರ್ಸೆಟ್ಟಿನ ಓಲ್ಡ್ ಹ್ಯಾರಿ ಬಂಡೆಗಳವರೆಗೆ ಸುಮಾರು 150 ಕಿಲೋಮೀಟರ್ ಉದ್ದದ ಈ ತೀರವನ್ನು ಯುನೆಸ್ಕೋ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭೂಮಿಯ ಸುಮಾರು 18.5 ಕೋಟಿ ವರ್ಷಗಳ ಇತಿಹಾಸ ಇಲ್ಲಿನ ಬಂಡೆಗಳಲ್ಲಿ ಪದರ ಪದರವಾಗಿ ತೆರೆದುಕೊಂಡಿದೆ.

ಗಣಿ ಎಂದರೆ ನಿಜವಾಗಿ ಏನಿದೆ ಅಲ್ಲಿ? ಬರಿಯ ಗುಹೆಯೇ?

ಬಿಯರ್ ಕ್ವಾರಿ ಕೇವ್ಸ್ ಎಂಬ ಹೆಸರಿನಲ್ಲಿ 'ಕೇವ್ಸ್' ಎಂದಿದ್ದರೂ ಪ್ರಕೃತಿ ಕೊರೆದ ಗುಹೆ ಒಂದೂ ಇಲ್ಲ. ಪ್ರತಿಯೊಂದು ಅಡಿಯನ್ನೂ ಮನುಷ್ಯರು ಕೈಯಿಂದ ಕಡಿದಿದ್ದಾರೆ. ರೋಮನ್ನರು ಈ ದ್ವೀಪವನ್ನು ಆಳುತ್ತಿದ್ದ ಕಾಲದಲ್ಲಿ ಶುರುವಾದ ಕೆಲಸ 20ನೆಯ ಶತಮಾನದ ಆರಂಭದವರೆಗೂ ನಡೆಯಿತು. ಹೆಚ್ಚುಕಡಿಮೆ ಎರಡು ಸಾವಿರ ವರ್ಷ ಒಂದೇ ಕಲ್ಲಿಗಾಗಿ ಒಂದೇ ಗುಡ್ಡವನ್ನು ತೋಡಿದ್ದಾರೆ.

ಒಳಗೆ ಕಾಲಿಟ್ಟರೆ ಎತ್ತರದ ಹಜಾರಗಳು, ಒಂದರಿಂದ ಇನ್ನೊಂದಕ್ಕೆ ತೆರೆದುಕೊಳ್ಳುವ ಕಮಾನುಗಳು. ಚಾವಣಿ ಕುಸಿಯದಂತೆ ಕಡಿಯದೆ ಬಿಟ್ಟ ದಪ್ಪ ಕಂಬಗಳು ಸಾಲುಗಟ್ಟಿ ಕತ್ತಲೆಯತ್ತ ಸಾಗುತ್ತವೆ. ನಮ್ಮ ಅಪ್ಪ ಮೂಡುಬಿದಿರೆಯವರು. ಒಳಗೆ ಹತ್ತು ಹೆಜ್ಜೆ ಇಟ್ಟು ನಿಂತು, "ಸಾವಿರ ಕಂಬದ ಬಸದಿಯೊಳಗೆ ದೀಪವಿಲ್ಲದ ಹೊತ್ತಿನಲ್ಲಿ ಹೊಕ್ಕ ಹಾಗಿದೆ" ಎಂದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಒಂದೇ ವ್ಯತ್ಯಾಸ: ಬಸದಿಯಲ್ಲಿ ಕಲ್ಲು ತಂದು ಕಂಬ ನಿಲ್ಲಿಸಿದರು, ಇಲ್ಲಿ ಕಲ್ಲು ಒಯ್ದ ಮೇಲೆ ಕಂಬ ಉಳಿಯಿತು.

ಆ ಕಲ್ಲಿನಲ್ಲಿ ಅಂಥ ವಿಶೇಷವೇನು?

ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ಬಿಯರ್ ಕಲ್ಲು ಸೀಮೆಸುಣ್ಣದ ಜಾತಿಗೆ ಸೇರಿದ್ದು. ಒಂಬತ್ತು ಕೋಟಿ ವರ್ಷಗಳಷ್ಟು ಹಿಂದೆ ಇಲ್ಲೆಲ್ಲ ಬೆಚ್ಚಗಿನ ಸಮುದ್ರವಿತ್ತು. ಅದರ ತಳದಲ್ಲಿ ಚಿಪ್ಪುಗಳ ನುಣ್ಣನೆಯ ಪುಡಿ ಕೂತು, ಒತ್ತಿ, ಗಟ್ಟಿಯಾಗಿ ಕೆಲವೇ ಮೀಟರ್ ದಪ್ಪದ ಈ ಪದರವಾಯಿತು. ಅದರ ಮೇಲಿನ ಸೀಮೆಸುಣ್ಣದಲ್ಲಿ ಚಕಮಕಿ ಕಲ್ಲಿನ ಗಂಟುಗಳು ತುಂಬಿವೆ. ಕೆತ್ತುವವನಿಗೆ ಅದು ಕೆಲಸಕ್ಕೆ ಬಾರದು. ಒಳ್ಳೆಯ ಪದರಕ್ಕಾಗಿ ಇಡೀ ಗುಡ್ಡವನ್ನು ಬಗೆಯುವುದಕ್ಕಿಂತ ಪಕ್ಕದಿಂದ ಹೊಕ್ಕು ಪದರದ ಜಾಡು ಹಿಡಿದು ಒಳಗೆ ಹೋಗುವುದೇ ಸುಲಭ. ಗಣಿ ನೆಲದೊಳಗಿರುವುದಕ್ಕೆ ಕಾರಣ ಇದೇ.

ಗಣಿಯಿಂದ ಹೊರಗೆ ಬಂದ ಹೊಸದರಲ್ಲಿ ಈ ಕಲ್ಲು ಒದ್ದೆಯಾಗಿ, ಮೆದುವಾಗಿರುತ್ತದೆ. ಮರ ಕೊಯ್ದಂತೆ ಗರಗಸದಿಂದ ಕೊಯ್ಯಬಹುದು, ಉಳಿಯ ತುದಿಯಿಂದ ಎಲೆಯ ನರವನ್ನೂ ಬಿಡಿಸಬಹುದು. ಗಾಳಿಗೆ ಒಣಗುತ್ತಾ ಒಣಗುತ್ತಾ ಗಟ್ಟಿಯಾಗುತ್ತದೆ. ಈ ಗುಣ ಕನ್ನಡಿಗರಿಗೆ ಹೊಸದಲ್ಲ. ಬೇಲೂರು, ಹಳೇಬೀಡುಗಳ ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಮದನಿಕೆಯರ ಸರದ ಮಣಿಗಳನ್ನು ಎಣಿಸುವಂತೆ ಬಿಡಿಸಿದ್ದು ಇಂಥದೇ ಗುಣವನ್ನು ನಂಬಿ. ಬಳಪದ ಕಲ್ಲಿನ ಹುಟ್ಟು ಬೇರೆ, ಬಣ್ಣ ಬೇರೆ, ಆದರೆ ಕೆತ್ತುವಾಗ ಮೆದು, ಆಮೇಲೆ ಗಟ್ಟಿ ಎಂಬ ಮಾತು ಎರಡಕ್ಕೂ ಒಪ್ಪುತ್ತದೆ. ಕರಾವಳಿಯಲ್ಲಿ ಮುರಕಲ್ಲಿನ ಮನೆ ಕಟ್ಟಿದವರಿಗೂ ಇದು ಗೊತ್ತು: ನೆಲದಿಂದ ಕಡಿದು ತೆಗೆದ ಕೆಂಪುಕಲ್ಲನ್ನು ಗಾಳಿ ಬಿಸಿಲಿಗೆ ಬಿಟ್ಟು ಬಲಿಯಲು ಕಾಯುತ್ತಾರೆ.

ಹಾಗಾಗಿಯೇ ಈ ಹಳ್ಳಿಯ ಕಲ್ಲು ಎಕ್ಸೆಟರ್ ಕೆಥೆಡ್ರಲ್, ವಿಂಚೆಸ್ಟರ್ ಕೆಥೆಡ್ರಲ್, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮುಂತಾದ ಕಡೆಗೆಲ್ಲ ಹೋಯಿತು. ಗಣಿಯಿಂದ ಬಂಡಿಯಲ್ಲಿ ತೀರಕ್ಕೆ, ಅಲ್ಲಿಂದ ದೋಣಿಯಲ್ಲಿ ಮುಂದಕ್ಕೆ. ಭಾರವಾದ ಕಲ್ಲಿಗೆ ಆ ಕಾಲದಲ್ಲಿ ನೀರಿನ ದಾರಿಯೇ ಹೆದ್ದಾರಿ.

ಒಳಗೆ ಏನನ್ನು ಗಮನಿಸಿ ನೋಡಬೇಕು?

ಗೋಡೆಯನ್ನು. ಬಹಳ ಜನ ಚಾವಣಿಯ ಎತ್ತರ ನೋಡಿ ಬೆರಗಾಗುತ್ತಾರೆ, ಗೋಡೆಯ ಹತ್ತಿರ ಹೋಗುವುದೇ ಇಲ್ಲ. ಟಾರ್ಚನ್ನು ಗೋಡೆಗೆ ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಬೋಳು ಎನಿಸಿದ್ದ ಕಲ್ಲಿನ ಮೇಲೆ ಸಾವಿರಾರು ಗೀರುಗಳು ಏಳುತ್ತವೆ. ಪಿಕಾಸಿಯ ಒಂದೊಂದು ಏಟೂ ಅಂಗೈಯಗಲದ ಓರೆ ಗೆರೆಯಾಗಿ ಉಳಿದಿದೆ. ಒಂದು ಕಡೆ ಗೆರೆಗಳೆಲ್ಲ ಎಡಕ್ಕೆ ವಾಲಿವೆ, ಇನ್ನೊಂದು ಕಡೆ ಬಲಕ್ಕೆ. ಮಧ್ಯದಲ್ಲೆಲ್ಲೋ ಏಟು ತಪ್ಪಿ ಆಳವಾಗಿ ಕಚ್ಚಿದ ಗುರುತು. ಆ ಏಟು ಹಾಕಿದವನು ಪ್ರಾಣಿಯ ಕೊಬ್ಬಿನಿಂದ ಮಾಡಿದ ಮೇಣದಬತ್ತಿಯ ಬೆಳಕಿನಲ್ಲಿ, ಬಿಳಿ ದೂಳು ನುಂಗುತ್ತಾ ನಿಂತಿದ್ದ.

ಕೆಲವು ಗೋಡೆಗಳ ಮೇಲೆ ಕೆಲಸಗಾರರು ತಮ್ಮ ಹೆಸರುಗಳನ್ನು, ಇಸವಿಗಳನ್ನು, ಲೆಕ್ಕದ ಗೀಟುಗಳನ್ನು ಬರೆದಿದ್ದಾರೆ. ರಾಜರ, ಬಿಷಪ್ಪರ ಹೆಸರು ಚರ್ಚುಗಳಲ್ಲಿ ಹೇಗೂ ಇವೆ. ಕಲ್ಲು ಕಡಿದವನ ಹೆಸರು ಉಳಿದಿರುವುದು ಇಲ್ಲಿ ಮಾತ್ರ. ದಯವಿಟ್ಟು ಅವನ್ನು ನಿಧಾನವಾಗಿ ಓದಿ, ಬೆರಳಿನಿಂದ ಮುಟ್ಟಬೇಡಿ. ಉಗುರು ತಾಗಿದರೂ ಪುಡಿ ಉದುರುವಷ್ಟು ಮೆದುವಾದ ಕಲ್ಲು ಅದು. ನಿಮ್ಮ ಮಕ್ಕಳು ತಮ್ಮ ಹೆಸರನ್ನೂ ಕೊರೆಯಲು ಹೊರಟರೆ ಕೈ ಹಿಡಿದು ನಿಲ್ಲಿಸಿ.

ಕಡಿದ ಕಲ್ಲು ಒಳ್ಳೆಯದೋ ಅಲ್ಲವೋ ಎಂದು ಹೇಗೆ ತಿಳಿಯುತ್ತಿದ್ದರು ಎಂಬುದನ್ನೂ ಮಾರ್ಗದರ್ಶಕರು ಹೇಳುತ್ತಾರೆ. ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಮಂಕಾದ ಸದ್ದು ಬಂದರೆ ಒಳಗೆಲ್ಲೋ ಬಿರುಕಿದೆ, ಆ ಕಲ್ಲಿಗೆ ಕೂಲಿಯೂ ಇಲ್ಲ. ಇದನ್ನು ಕೇಳಿದಾಗ ಅಪ್ಪ ತಲೆದೂಗಿದರು. ಕಾರ್ಕಳದ ಶಿಲ್ಪಿಗಳು ಕಲ್ಲು ಆರಿಸುವಾಗ ತಟ್ಟಿ ಕಿವಿಗೊಡುವುದನ್ನು ಅವರು ಎಷ್ಟೋ ಸಲ ನೋಡಿದವರು.

ಕಳ್ಳಸಾಗಣೆಯ ಕತೆಗಳು ನಿಜವೇ?

ಬಿಯರ್ ಕಳ್ಳಸಾಗಣೆಗೆ ಹೆಸರಾದ ಊರು ಎಂಬುದು ನಿಜ. ಇಲ್ಲೇ 1778ರಲ್ಲಿ ಹುಟ್ಟಿದ ಜ್ಯಾಕ್ ರ‍್ಯಾಟನ್‌ಬರಿ ಎಂಬಾತ ಫ್ರಾನ್ಸಿನ ಬ್ರಾಂದಿಯನ್ನು ಸುಂಕ ತಪ್ಪಿಸಿ ತರುವುದರಲ್ಲಿ ಪಳಗಿದವನು. ಮುಪ್ಪಿನಲ್ಲಿ ತನ್ನ ಅನುಭವಗಳನ್ನು ಪುಸ್ತಕವಾಗಿಯೂ ಹೊರತಂದ. ಪೀಪಾಯಿಗಳನ್ನು ಗಣಿಯಲ್ಲಿ ಅಡಗಿಸಿಡುತ್ತಿದ್ದರು ಎಂದು ಊರಿನವರು ಹೇಳುತ್ತಾರೆ. ಕ್ಯಾಥೊಲಿಕರ ಪೂಜೆಗೆ ನಿಷೇಧವಿದ್ದ ಕಾಲದಲ್ಲಿ ಇಲ್ಲಿ ಗುಟ್ಟಾಗಿ ಪ್ರಾರ್ಥನೆ ನಡೆಯುತ್ತಿತ್ತು ಎಂಬ ಹೇಳಿಕೆಯೂ ಇದೆ. ಮಕ್ಕಳಿಗೆ ಕಳ್ಳರ ಕತೆಯೇ ಇಷ್ಟವಾಗುತ್ತದೆ, ಅದು ಸಹಜ. ನನಗೆ ಮಾತ್ರ ಕಲ್ಲು ಕಡಿದವರ ಕತೆಯೇ ದೊಡ್ಡದು.

ವಯಸ್ಸಾದವರು, ಮಕ್ಕಳು ಬರಬಹುದೇ? ಉಸಿರು ಕಟ್ಟುವುದಿಲ್ಲವೇ?

ಹಜಾರಗಳು ವಿಶಾಲವಾಗಿವೆ, ತೆವಳುವ, ಬಗ್ಗಿ ನುಸುಳುವ ಪ್ರಸಂಗ ಬರುವುದಿಲ್ಲ. ಆದರೆ ನೆಲ ಏರುತಗ್ಗಾಗಿದೆ, ಬೆಳಕು ಕಡಿಮೆ. ಮೊಣಕಾಲು ನೋವಿರುವವರಿಗೆ ಕೈಗೋಲು ಇರಲಿ, ಜೊತೆಗೆ ತೋಳು ಹಿಡಿಯಲು ಒಬ್ಬರು ಇರಲಿ. ಗಾಲಿಕುರ್ಚಿ ಬಳಸುವವರು ಮೊದಲೇ ಕೇಳಿಕೊಂಡು ಬರುವುದು ಒಳ್ಳೆಯದು. ತಲೆಗೆ ಹೆಲ್ಮೆಟ್ ಕೊಡುತ್ತಾರೆ, ಮಾರ್ಗದರ್ಶಕರ ಜೊತೆಯಲ್ಲೇ ಸುತ್ತಬೇಕು, ಸುಮಾರು ಒಂದು ಗಂಟೆ ಹಿಡಿಯುತ್ತದೆ. ಕತ್ತಲೆಗೆ ಅಂಜುವ ಪುಟ್ಟ ಮಕ್ಕಳಿಗೆ ಹಿಂದಿನ ದಿನವೇ ಹೇಳಿ ಮನಸ್ಸು ಸಿದ್ಧಪಡಿಸಿ.

ಯಾವ ಬಟ್ಟೆ ಹಾಕಿಕೊಳ್ಳಬೇಕು?

ಹೊರಗೆ ಎಂಥ ಬಿಸಿಲಿದ್ದರೂ ಒಳಗೆ ವರ್ಷವಿಡೀ ಹತ್ತು ಡಿಗ್ರಿಯ ಆಸುಪಾಸು. ಊರಿನಿಂದ ಬಂದ ಹಿರಿಯರಿಗೆ ಸ್ವೆಟರ್ ಜೊತೆ ಕಿವಿ ಮುಚ್ಚುವ ಟೋಪಿಯೂ ಬೇಕು. ಸೀರೆ ಉಡುವವರು ನೆರಿಗೆಯನ್ನು ಸ್ವಲ್ಪ ಮೇಲೆತ್ತಿ ಉಡಿ, ನೆಲದಲ್ಲಿ ಬಿಳಿ ಕೆಸರು ಇರುತ್ತದೆ. ಕಾಲಿಗೆ ಹಿಡಿತವಿರುವ ಶೂ ಕಡ್ಡಾಯ, ಚಪ್ಪಲಿ ಬೇಡವೇ ಬೇಡ.

ಯಾವ ತಿಂಗಳಲ್ಲಿ ಹೋಗಬೇಕು? ಚಳಿಗಾಲದಲ್ಲಿ ಏಕೆ ಮುಚ್ಚುತ್ತಾರೆ?

ಬಾವಲಿಗಳಿಗಾಗಿ. ಮೂಗಿನ ಮೇಲೆ ಕುದುರೆಲಾಳದಂಥ ಮಡಿಕೆ ಇರುವ ದೊಡ್ಡ ಮತ್ತು ಚಿಕ್ಕ ಎಂಬ ಎರಡು ಜಾತಿಯ ಬಾವಲಿಗಳು, ಬೆಕ್‌ಸ್ಟೈನ್ ಎಂಬ ಅಪರೂಪದ ಇನ್ನೊಂದು ಜಾತಿ ಚಳಿಗಾಲವನ್ನು ಈ ಗಣಿಯೊಳಗೆ ನಿದ್ದೆಯಲ್ಲಿ ಕಳೆಯುತ್ತವೆ. ಚಿಕ್ಕ ಜಾತಿಯದು ನಿಮ್ಮ ಹೆಬ್ಬೆರಳಿಗಿಂತ ಅಷ್ಟೇನೂ ದೊಡ್ಡದಲ್ಲ. ಚಳಿಯಲ್ಲಿ ಜನ ಬಂದು ಮತ್ತೆ ಮತ್ತೆ ಎಚ್ಚರಗೊಳಿಸಿದರೆ, ವಸಂತದವರೆಗೆ ಕೂಡಿಟ್ಟ ಕೊಬ್ಬು ಕರಗಿ ಅದು ಬದುಕುವುದೇ ಕಷ್ಟ. ಅದಕ್ಕಾಗಿ ಈ ಜಾಗಕ್ಕೆ ಕಾನೂನಿನ ರಕ್ಷಣೆಯಿದೆ. ಕ್ಯಾಮೆರಾದ ಫ್ಲ್ಯಾಶ್ ಅನ್ನು ಅವುಗಳ ಕಡೆಗೆ ಹೊಡೆಯಬೇಡಿ, ಬೇಸಿಗೆಯಲ್ಲಿಯೂ ಬೇಡ.

ವಸಂತದಿಂದ ಅಕ್ಟೋಬರ್ ತನಕದ ಅವಧಿಯೇ ಗಣಿ ನೋಡುವ ಕಾಲ. ತೆರೆಯುವ ದಿನಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದಾದ್ದರಿಂದ, ನೀವು ಹೋಗುವ ದಿನ ತೆರೆದಿರುತ್ತದೆ ಎಂದು ಖಚಿತವಾದ ಮೇಲೆಯೇ ರೈಲಿನ ಟಿಕೆಟ್ ಕೊಳ್ಳಿ. ನಾನು ಮೊದಲ ಸಲ ವಿಚಾರಿಸದೆ ನವೆಂಬರಿನಲ್ಲಿ ನಾಲ್ಕು ಜನರನ್ನು ಕರೆತಂದು, ಮುಚ್ಚಿದ ಗೇಟಿನ ಮುಂದೆ ಮಳೆಯಲ್ಲಿ ನಿಲ್ಲಿಸಿದ್ದೆ. ಅವರ ಮುಖ ಇನ್ನೂ ನೆನಪಿದೆ.

ಬಿಯರ್ ತಲುಪುವುದು ಹೇಗೆ?

ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ಎಕ್ಸೆಟರಿಗೆ ಹೋಗುವ ರೈಲಿನಲ್ಲಿ ಆಕ್ಸ್‌ಮಿನ್‌ಸ್ಟರ್‌ನಲ್ಲಿ ಇಳಿಯಬೇಕು. ಮೂರು ಗಂಟೆಗಿಂತ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಅಲ್ಲಿಂದ ಸೀಟನ್ ಎಂಬ ಕಡಲತೀರದ ಪಟ್ಟಣಕ್ಕೆ ಬಸ್ ಇದೆ. ಸೀಟನ್‌ನಿಂದ ಬಿಯರ್ ಎರಡು ಕಿಲೋಮೀಟರಿನಷ್ಟು, ಗುಡ್ಡ ಹತ್ತಿ ಇಳಿಯಬೇಕು. ಹಳ್ಳಿಗಾಡಿನ ಬಸ್ಸುಗಳು ಬೆಂಗಳೂರಿನ ಹಾಗೆ ಒಂದರ ಹಿಂದೆ ಒಂದು ಬರುವುದಿಲ್ಲ, ಭಾನುವಾರ ಇನ್ನೂ ವಿರಳ. ಸಂಜೆಯ ಕೊನೆಯ ಬಸ್ಸಿನ ವೇಳೆಯನ್ನು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ. ಹಿರಿಯರಿದ್ದರೆ ಎಕ್ಸೆಟರಿನಿಂದ ಕಾರೇ ಮೇಲು, ಮುಕ್ಕಾಲು ಗಂಟೆಯ ದಾರಿ. ಗಣಿ ಹಳ್ಳಿಯಿಂದ ಪಶ್ಚಿಮಕ್ಕೆ ಮೇಲೆ ಇದೆ, ನಡೆದರೆ ಅರ್ಧ ಗಂಟೆಯೊಳಗೆ ಸೇರಬಹುದು.

ಮೊದಲು ಸಮುದ್ರವೋ, ಗಣಿಯೋ?

ಗಣಿ. ಈ ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಮೊದಲು ತೀರಕ್ಕೆ ಹೋದವರು ಅಲ್ಲೇ ಕೂತುಬಿಡುತ್ತಾರೆ, ಮಧ್ಯಾಹ್ನ ದಣಿದು ಗಣಿಗೆ ಬಂದು ಗಡಿಯಾರ ನೋಡುತ್ತಾರೆ. ಬೆಳಿಗ್ಗೆಯೇ ಒಳಗೆ ಹೋಗಿ ಕಲ್ಲಿನ ಪರಿಚಯ ಮಾಡಿಕೊಂಡರೆ ಆಮೇಲೆ ಹಳ್ಳಿಯಲ್ಲಿ ನಡೆಯುವಾಗ ಗೋಡೆಗಳೇ ಮಾತನಾಡಿಸುತ್ತವೆ.

ಅಂಥ ಒಂದು ಗೋಡೆಯನ್ನು ಹತ್ತಿರದಿಂದ ನೋಡಿ. ನಡುವೆ ತುಂಬಿರುವುದು ಚಕಮಕಿ ಕಲ್ಲು: ಹೊರಗೆ ಬಿಳಿ ಸಿಪ್ಪೆ, ಒಡೆದ ಮುಖ ಮಾತ್ರ ಗಾಜಿನಂತೆ ಹೊಳೆಯುವ ಕಪ್ಪು. ಅದು ಗಟ್ಟಿ, ಆದರೆ ಚೌಕ ಮಾಡಲು ಬಗ್ಗುವುದಿಲ್ಲ. ಹಾಗಾಗಿ ಮನೆಯ ಮೂಲೆಗೆ, ಕಿಟಕಿ ಬಾಗಿಲುಗಳ ಚೌಕಟ್ಟಿಗೆ ಹಾಲುಬಣ್ಣದ ಬಿಯರ್ ಕಲ್ಲು. ಕೆಲಸಕ್ಕೆ ಬಾರದು ಎಂದು ಶಿಲ್ಪಿ ಬಿಟ್ಟದ್ದೂ ಅವನು ಆರಿಸಿಕೊಂಡದ್ದೂ ಒಂದೇ ಗೋಡೆಯಲ್ಲಿ ಸೇರಿವೆ. ಮುಖ್ಯ ಬೀದಿಯ ಅಂಚಿನಲ್ಲಿ ಕಲ್ಲಿನ ಕಾಲುವೆಯೊಳಗೆ ತೊರೆಯೊಂದು ಸಮುದ್ರದತ್ತ ಹರಿಯುತ್ತದೆ. ಅದರ ಜೊತೆಗೇ ಇಳಿದರೆ ತೀರ.

ತೀರದಲ್ಲಿ ಏನು ಮಾಡಬಹುದು?

ಮರಳು ಹುಡುಕಬೇಡಿ, ಇಲ್ಲಿರುವುದು ಉರುಟುಗಲ್ಲುಗಳ ದಂಡೆ. ಬಂದರು ಇಲ್ಲ. ಪಶ್ಚಿಮದ ಗಾಳಿಗೆ ಬಿಯರ್ ಹೆಡ್ ಎಂಬ ಬಿಳಿ ಕೋಡುಬಂಡೆ ಅಡ್ಡ ನಿಂತಿರುವುದರಿಂದ ಮೀನುಗಾರರು ದೋಣಿಗಳನ್ನು ದಂಡೆಗೇ ಎಳೆದು ನಿಲ್ಲಿಸುತ್ತಾರೆ, ಈಗ ಯಂತ್ರದ ರಾಟೆ ಕಟ್ಟಿ. ಬೇಸಿಗೆಯಲ್ಲಿ ಬಂಗುಡೆಯ ಸಂಬಂಧಿಯಾದ ಮ್ಯಾಕರೆಲ್ ಹಿಡಿಯಲು ಪ್ರವಾಸಿಗರನ್ನೂ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಸಮುದ್ರ ಶಾಂತವಾಗಿದ್ದರೆ ಹೋಗಿ. ನೀರಿನಿಂದ ನೋಡಿದಾಗಲೇ ಬಂಡೆಯ ಪದರಗಳು ಸ್ಪಷ್ಟವಾಗಿ ಕಾಣುವುದು.

ಪೂರ್ವಕ್ಕೆ ಸೀಟನ್ ಕಡೆ ನೋಡಿದರೆ ಬಿಳಿ ಬಂಡೆ ಮುಗಿದು ಥಟ್ಟನೆ ಇಟ್ಟಿಗೆಗೆಂಪಿನ ಬಂಡೆ ಶುರುವಾಗುತ್ತದೆ. ಆ ಕೆಂಪು ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದಿನ ಮರುಭೂಮಿಯ ಮಣ್ಣು. ಈ ಭಾಗದಲ್ಲಿ ಪದರಗಳು ಬಟ್ಟಲಿನಂತೆ ಕೆಳಗೆ ಬಾಗಿದ್ದರಿಂದ ಮೇಲಿನ ಬಿಳಿ ಸೀಮೆಸುಣ್ಣ ಸವೆದುಹೋಗದೆ ಸಮುದ್ರಮಟ್ಟದಲ್ಲಿಯೇ ಉಳಿದುಕೊಂಡಿತು. ಇಂಗ್ಲೆಂಡಿನಲ್ಲಿ ಪಶ್ಚಿಮದತ್ತ ಹೋದಂತೆ ಸಿಗುವ ಕೊನೆಯ ಸೀಮೆಸುಣ್ಣದ ಕಡಲಬಂಡೆಗಳು ಇವು.

ಬಂಡೆಯ ಬುಡಕ್ಕೆ ಹೋಗಿ ಕೂರಬೇಡಿ. ಮುನ್ಸೂಚನೆಯಿಲ್ಲದೆ ತುಂಡುಗಳು ಕಳಚುತ್ತವೆ. 1790ರಲ್ಲಿ ಬಿಯರ್ ಹೆಡ್ಡಿನ ಆಚೆ ಹೂಕನ್ ಎಂಬಲ್ಲಿ ಎಕರೆಗಟ್ಟಲೆ ನೆಲವೇ ಒಮ್ಮೆಲೇ ಸಮುದ್ರದತ್ತ ಜಾರಿತು. ಇಳಿತದ ಹೊತ್ತಿನಲ್ಲಿ ಸೀಟನ್ ಕಡೆಗೆ ತೀರದಲ್ಲೇ ನಡೆದುಹೋಗುವ ಆಸೆಯಾದರೆ ಉಬ್ಬರ ಇಳಿತದ ವೇಳಾಪಟ್ಟಿ ನೋಡದೆ ಹೆಜ್ಜೆ ಇಡಬೇಡಿ. ನೀರು ಏರಿದರೆ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ನಡೆಯಲು ಶಕ್ತಿಯಿರುವವರಿಗೆ?

ಬಿಯರ್ ಹೆಡ್ ದಾಟಿ ಬ್ರಾನ್ಸ್‌ಕೂಮ್ ತೀರದವರೆಗೆ ಕಡಲಂಚಿನ ಕಾಲುದಾರಿ ಇದೆ, ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಬಂಡೆಯ ನೆತ್ತಿಯ ಮೇಲೂ ಹೋಗಬಹುದು, 1790ರಲ್ಲಿ ಜಾರಿದ ನೆಲದ ನಡುವಿನ ಕಡಿದಾದ ದಾರಿಯಲ್ಲೂ ಇಳಿಯಬಹುದು. ಎರಡನೆಯದರಲ್ಲಿ ಗಿಡಗಂಟಿಗಳ ನಡುವಿನಿಂದ ಸುಣ್ಣದ ಕಂಬಗಳು ತಲೆ ಎತ್ತಿರುತ್ತವೆ. ಬ್ರಾನ್ಸ್‌ಕೂಮ್ ತೀರದ ಬಳಿಯೇ 2007ರ ಜನವರಿಯಲ್ಲಿ ಎಂಎಸ್‌ಸಿ ನೆಪೋಲಿ ಎಂಬ ಸರಕು ಹಡಗನ್ನು ಮುಳುಗದಂತೆ ತಂದು ನಿಲ್ಲಿಸಿದ್ದು. ದಡಕ್ಕೆ ತೇಲಿಬಂದ ಪೆಟ್ಟಿಗೆಗಳಿಂದ ಜನ ಹೊಸ ಮೋಟಾರ್‌ಸೈಕಲ್ಲುಗಳನ್ನೇ ತಳ್ಳಿಕೊಂಡು ಹೋದರು.

ನಡೆಯಲಾಗದವರಿಗೆ?

ಸೀಟನ್ ಟ್ರ್ಯಾಮ್. ಮುಚ್ಚಿಹೋದ ರೈಲುದಾರಿಯ ಮೇಲೆ 1970ರಿಂದ ಓಡುತ್ತಿರುವ ಪುಟ್ಟ ಟ್ರ್ಯಾಮ್ ಆಕ್ಸ್ ನದಿಯ ಪಕ್ಕದಲ್ಲಿ ಕಾಲಿಟನ್ ಊರಿನವರೆಗೆ ಐದು ಕಿಲೋಮೀಟರ್ ಹೋಗುತ್ತದೆ. ಮೇಲಂತಸ್ತಿನಲ್ಲಿ ಕೂತರೆ ಜೌಗಿನಲ್ಲಿ ನಿಂತ ಬೆಳ್ಳಕ್ಕಿಗಳು ಕಾಣುತ್ತವೆ. ಅಮ್ಮನಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ಹಿಡಿಸಿದ್ದು ಇದೇ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಬೇಯಿಸಿದ ಇಡೀ ಆಲೂಗಡ್ಡೆಯ ಮೇಲೆ ಚೀಸ್ ಅಥವಾ ಬೀನ್ಸ್ ಕಾಳು, ತರಕಾರಿಯ ಸೂಪ್, ಚೀಸ್ ಪೇಸ್ಟ್ರಿ ಸಿಗುತ್ತವೆ. ಮೀನು ತಿನ್ನುವವರಿಗೆ ಅಂದಿನದೇ ಏಡಿ, ಮೀನು. ಡೆವನ್ನಿನ ಕ್ರೀಮ್ ಟೀ ಮಾತ್ರ ತಪ್ಪಿಸಬೇಡಿ: ಸ್ಕೋನ್ ಎಂಬ ಮೆದು ಬಿಸ್ಕತ್ತಿನಂಥ ತಿಂಡಿಯ ಮೇಲೆ ಮೊದಲು ಗಟ್ಟಿ ಕೆನೆ, ಆಮೇಲೆ ಜ್ಯಾಮ್. ಪಕ್ಕದ ಕಾರ್ನ್‌ವಾಲ್‌ನಲ್ಲಿ ಜ್ಯಾಮ್ ಮೊದಲು. ಹಿರಿಯರಿದ್ದರೆ ನಾವು ಪುಳಿಯೋಗರೆ ಕಟ್ಟಿಕೊಂಡೇ ಹೋಗುತ್ತೇವೆ. ತೀರದಲ್ಲಿ ಬಿಚ್ಚುವಾಗ ಕಡಲಕ್ಕಿಗಳ ಮೇಲೆ ಕಣ್ಣಿರಲಿ, ಕೈಯಿಂದಲೇ ಕಸಿದುಕೊಂಡು ಹೋಗುತ್ತವೆ.

ಪಳೆಯುಳಿಕೆ ಹೆಕ್ಕಬಹುದೇ?

ಬಂಡೆಗೆ ಸುತ್ತಿಗೆ ಹಾಕಬೇಡಿ. ಅದರಲ್ಲೇ ಆಸಕ್ತಿಯಿದ್ದರೆ ಇನ್ನೊಂದು ದಿನ ಇಟ್ಟುಕೊಂಡು ಪೂರ್ವಕ್ಕಿರುವ ಲೈಮ್ ರೀಜಿಸ್‌ಗೆ ಹೋಗಿ. ಬಡಗಿಯ ಮಗಳು ಮೇರಿ ಆ್ಯನಿಂಗ್ (1799–1847) ಪುರಾತನ ಕಡಲ ಸರೀಸೃಪಗಳನ್ನು ಅಗೆದು ವಿಜ್ಞಾನಿಗಳಿಗೆ ತೋರಿಸಿದ್ದು ಅಲ್ಲಿಯೇ.

ಮರುದಿನ ಬಿಡುವಿದ್ದರೆ ಎಲ್ಲಿಗೆ ಹೋಗಬೇಕು?

ಎಕ್ಸೆಟರ್ ಕೆಥೆಡ್ರಲ್ಲಿಗೆ. ಒಳಗೆ ಹೋಗುವ ಮೊದಲು ಪಶ್ಚಿಮದ ಮುಖದ ಎದುರು ನಿಲ್ಲಿ. ಅಲ್ಲಿ ಸಾಲಾಗಿ ಕುಳಿತ, ನಿಂತ ರಾಜರು, ದೇವದೂತರು, ಪ್ರವಾದಿಗಳನ್ನು ಬಿಯರ್ ಕಲ್ಲಿನಲ್ಲಿ ಕೆತ್ತಿದ್ದಾರೆ. ಶತಮಾನಗಳ ಮಳೆ ಗಾಳಿಗೆ ಕೆಲವರ ಮೂಗು, ಬೆರಳು ಸವೆದಿವೆ. ಒಳಗೆ ಸುಮಾರು 96 ಮೀಟರ್ ಉದ್ದಕ್ಕೆ ಒಂದೇ ಓಟದಲ್ಲಿ ಸಾಗುವ ಮಧ್ಯಯುಗದ ಕಲ್ಲಿನ ಚಾವಣಿ; ಆ ಬಗೆಯಲ್ಲಿ ಜಗತ್ತಿನಲ್ಲೇ ಅತಿ ಉದ್ದದ್ದು.

ಗಣಿ ನೋಡಿಬಂದ ಮರುದಿನ ಅಪ್ಪನನ್ನು ಅಲ್ಲಿಗೆ ಕರೆದೊಯ್ದಿದ್ದೆ. ಎಲ್ಲರೂ ಚಾವಣಿ ನೋಡುತ್ತಿದ್ದರು. ಅಪ್ಪ ಮಾತ್ರ ಹೊರಗೇ ಉಳಿದು, ಮುಖ ಸವೆದ ಒಬ್ಬ ರಾಜನ ಪಾದದ ಬಳಿ ಬಗ್ಗಿ, ಮೊಬೈಲಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಉಳಿಯ ಗೆರೆ ಹುಡುಕುತ್ತಿದ್ದರು.